ಎಂಟು ಜೊತೆ ಚಪ್ಪಲಿ, ಒಂದು ಜೊತೆ ಶೂ

ನನ್ನ ತಮ್ಮನಿಗೆ ಯಾರ ಹೆಸರೂ ಬೇಕಿರಲಿಲ್ಲ. ಜನರನ್ನು ಅವನು ಗುರುತಿಸುತ್ತಿದ್ದುದು ಚಪ್ಪಲಿಯಿಂದ, ಕರೆಯುತ್ತಿದ್ದುದೂ ಅದರಿಂದಲೇ. ಮಲ್ಲೇಶ್ವರದ ನಮ್ಮ ವಠಾರದ ಮಾಲೀಕರು ಅವನ ಬಾಯಲ್ಲಿ ‘ಕಿರ್‌ಕಿರ್’. ಎದುರುಮನೆಯ ಬ್ಯಾಂಕಿನವರು ‘ಕಪ್ಪು ಬೂಟು’. ನಮ್ಮ ಸೋದರತ್ತೆ ‘ಹರಿದದ್ದು’. ಸೋದರತ್ತೆ ಇದು ಗೊತ್ತಾದ ವಾರವೇ ಹೊಸ ಚಪ್ಪಲಿ ಕೊಂಡರು, ಆದರೆ ಅವನು ಹೆಸರು ಬದಲಾಯಿಸಲಿಲ್ಲ. ನನಗೊಬ್ಬಳಿಗೆ ವಿನಾಯಿತಿ ಇತ್ತು. ನಾನು ‘ಅಕ್ಕ’.

ನಾನು ಹೇಳುತ್ತಿರುವ ಕಾಲಕ್ಕೆ ಅವನಿಗೆ ಮೂವತ್ತೆಂಟು, ನನಗೆ ನಲವತ್ತಮೂರು. ಆಗಿನ ಕಾಗದಪತ್ರಗಳಲ್ಲಿ ಅವನಂಥವರನ್ನು ಬುದ್ಧಿಮಾಂದ್ಯರು ಎಂದು ಬರೆಯುತ್ತಿದ್ದರು. ಸರ್ಕಾರಿ ಕಚೇರಿಯ ಗುಮಾಸ್ತೆಯಾಗಿ ನಾನೇ ಆ ಪದವನ್ನು ಬೇಕಾದಷ್ಟು ಸಲ ಟೈಪು ಮಾಡಿದ್ದೇನೆ. ಆದರೆ ಚಿಕ್ಕವನಿದ್ದಾಗ ನೆಂಟರ ಮದುವೆಯೊಂದರಲ್ಲಿ ಅಮ್ಮ ಅವನನ್ನು ಛತ್ರದ ಬಾಗಿಲಲ್ಲಿ ಕೂರಿಸಿ, “ಚಪ್ಪಲಿ ನೋಡ್ಕೋ ಕಂದ” ಎಂದಿದ್ದಳು. ಊಟ ಮುಗಿಸಿ ಬಂದ ಒಬ್ಬೊಬ್ಬರ ಕಾಲ ಮುಂದೆಯೂ ಅವನು ಅವರವರ ಜೊತೆಯನ್ನೇ ತಂದಿಟ್ಟ. ಚೀಟಿ ಇಲ್ಲ, ನಂಬರಿಲ್ಲ. ಒಂದು ಜೊತೆಯೂ ಕಳೆಯದೆ ಮುಗಿದ ಮದುವೆ ನಮ್ಮ ಬಳಗದಲ್ಲಿ ಅದೊಂದೇ. ಅಂದಿನಿಂದ ಅದು ಅವನ ಉದ್ಯೋಗವಾಯಿತು.

ಆ ಉದ್ಯೋಗಕ್ಕೆ ಅಮ್ಮ ಎರಡು ಕಾನೂನು ಮಾಡಿಕೊಟ್ಟಿದ್ದಳು. ಬಂದವರ ಚಪ್ಪಲಿಯ ಮೂತಿ ರಸ್ತೆಯ ಕಡೆಗಿರಬೇಕು, ಹೊರಡುವಾಗ ಕಾಲು ತೂರಿಸಿದರೆ ಸಾಕು ಅನ್ನುವ ಹಾಗೆ. ಮನೆಯವರದು ಗೋಡೆಯ ಕಡೆಗಿರಬೇಕು, ಅವರಿಗೇನು ಅವಸರ. ಎರಡನೆಯದು, ಬರಿಗಾಲಲ್ಲಿ ಯಾರೂ ಬೀದಿಗೆ ಇಳಿಯಬಾರದು. ಅಮ್ಮ ಹೋದ ಮೇಲೂ ಈ ಎರಡು ಕಾನೂನು ಜಾರಿಯಲ್ಲಿದ್ದವು.

ಅಮ್ಮ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಮೇಲೆ ಮೂರು ವರ್ಷ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ತಮ್ಮನನ್ನು ಮನೆಯೊಳಗೆ ಬಿಟ್ಟು, ಹೊರಗಿನಿಂದ ಹಿತ್ತಾಳೆಯ ದೊಡ್ಡ ಬೀಗ ಜಡಿದು, ಕೀಲಿಕೈಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಬೇರೆ ದಾರಿ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದೆ. ಒಂದು ದಿನ ಅವನು ಹಾಲು ಕಾಯಿಸಲು ಹೋಗಿ, ಸ್ಟವ್ ಪಕ್ಕದ ಮಸಿಬಟ್ಟೆಗೆ ಬೆಂಕಿ ತಗುಲಿತು. ಕಿಟಕಿಯಿಂದ ಹೊಗೆ ಬಂದುದನ್ನು ಕಂಡು ವಠಾರದವರು ಹಾರೆಯಿಂದ ಚಿಲಕ ಕಿತ್ತರು. ನನ್ನ ತಮ್ಮ ಚಪ್ಪಲಿ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ, ಕೆಮ್ಮುತ್ತ ನಿಂತಿದ್ದನಂತೆ. ಅವನಿಗೇನೂ ಆಗಲಿಲ್ಲ. ಕೀಲಿಕೈ ನನ್ನ ಜೊತೆ ನಾಲ್ಕು ಮೈಲಿ ದೂರದ ಕಚೇರಿಯಲ್ಲಿತ್ತು.

ಆ ವಾರವೇ ರಜೆ ಹಾಕಿ, ಇಂಥವರನ್ನು ಇಟ್ಟುಕೊಳ್ಳುತ್ತಾರೆಂದು ಕೇಳಿದ್ದ ಚಾಮರಾಜಪೇಟೆಯ ಒಂದು ಮನೆಯನ್ನು ಹುಡುಕಿಕೊಂಡು ಹೋದೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ತವರಿನ ಹಳೆಯ ಮನೆಯಲ್ಲಿ ತಮ್ಮ ಮಗನ ಜೊತೆಗೆ ಅವನಂಥ ಇನ್ನೂ ಆರು ಜನರನ್ನು ಇಟ್ಟುಕೊಂಡಿದ್ದರು. ಎಲ್ಲರೂ ದೊಡ್ಡವರೇ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು, ಹಾಲಿನವನೂ ಸೇರಿ. ಮುಂದೆ ಜಗಲಿ, ಮಧ್ಯೆ ಉದ್ದನೆಯ ಹಜಾರ, ಹಿಂದೆ ಹಿತ್ತಲು. ಹಿತ್ತಲ ಗೋಡೆಯಾಚೆ ಒಂದು ಹಿಟ್ಟಿನ ಗಿರಣಿ, ಬೆಳಿಗ್ಗೆ ಶುರುವಾದರೆ ಹಿತ್ತಲಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ತಮ್ಮ ಎಂಟನೆಯವನಾಗಿ ಸೇರಿಕೊಂಡ. ಮೊದಲ ದಿನವೇ ಜಗಲಿಯ ಮೇಲೆ ಬಿದ್ದಿದ್ದ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸಿದ. ಟೀಚರದೂ ಸೇರಿ ಮನೆಯವರದೆಲ್ಲ ಗೋಡೆಯ ಕಡೆಗೆ. ತನ್ನದನ್ನು ಮಾತ್ರ ರಸ್ತೆಯ ಕಡೆಗೆ ಇಟ್ಟ.

ಪ್ರತಿ ಭಾನುವಾರ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ನಾನು ಅವನನ್ನು ನೋಡಲು ಹೋಗುತ್ತಿದ್ದೆ. ಜಗಲಿ ಹತ್ತುವ ಮೊದಲು ಕಣ್ಣು ಹೋಗುತ್ತಿದ್ದುದು ಆ ಒಂದು ಜೊತೆಯ ಕಡೆಗೆ. ತಿಂಗಳು ಕಳೆದರೂ ಮೂತಿ ರಸ್ತೆಯ ಕಡೆಗೇ. ಒಳಗೆ ಅವನು ನಗುನಗುತ್ತ ಹುರುಳಿಕಾಯಿ ಬಿಡಿಸುತ್ತಿರುತ್ತಿದ್ದ, ನಾನು ಹೊರಗೆ ಚಪ್ಪಲಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ತಂದು ತಳ್ಳಿಬಿಟ್ಟಳು ಎಂದು ಸೋದರತ್ತೆ ಬಾಯಿಬಿಟ್ಟು ಹೇಳಿದ್ದಕ್ಕಿಂತ ಅದು ಹೆಚ್ಚು ಚುಚ್ಚುತ್ತಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಇಂಥ ಮನೆಗಳೆಲ್ಲ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು ಎಂಬ ನಿಯಮ ಬಂತು. ಟೀಚರ್ ಅರ್ಜಿ ಹಾಕಿದರು. ಒಂದು ಶುಕ್ರವಾರ, ನಾನೂ ರಜೆ ಹಾಕಿ ಹೋಗಿದ್ದ ದಿನ, ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಷರಟು, ಫಳಫಳ ಹೊಳೆಯುವ ಕಪ್ಪು ಶೂ. ಲೇಸು ಬಿಚ್ಚಿ ಒಳಗೆ ಹೋಗುವಷ್ಟರಲ್ಲಿ ತಮ್ಮ ಅದನ್ನು ರಸ್ತೆಯ ಕಡೆಗೆ ತಿರುಗಿಸಿಟ್ಟು, “ಶೂ ಸಾರ್” ಎಂದು ನಾಮಕರಣ ಮುಗಿಸಿದ್ದ.

ಶೂ ಸಾರ್ ಒಂದೊಂದೇ ತಪ್ಪು ತೆಗೆದರು. ಹಿಂಬಾಗಿಲಿಗೆ ಅಡ್ಡವಾಗಿ ಸೌದೆ ಒಟ್ಟಿದೆ. ಬಚ್ಚಲುಮನೆಗಳಿಗೆ ಒಳಚಿಲಕ ಇದೆ, ಯಾರಾದರೂ ಹಾಕಿಕೊಂಡು ತೆಗೆಯಲಾಗದೆ ಹೋದರೆ ಏನು ಗತಿ. ಮುಂದಿನ ಗೇಟಿಗೆ ಹಗಲಲ್ಲೂ ಬೀಗ ಯಾಕೆ.

“ರಸ್ತೇಲಿ ಬಸ್ಸು, ಲಾರಿ ಓಡಾಡ್ತವೆ ಸಾರ್” ಎಂದರು ಟೀಚರ್.

“ಸರಿ ಮೇಡಂ. ಬೆಂಕಿ ಬಿದ್ರೆ ಕೀ ಯಾರ ಹತ್ರ ಇರತ್ತೆ?”

ಅವರು ಕೇಳಿದ್ದು ಟೀಚರನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಉರಿದುಬಿದ್ದವಳು ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ. “ನೀವು ಒಂದು ದಿನಾನಾದ್ರೂ ಇಂಥೋರನ್ನ ನೋಡ್ಕೊಂಡಿದೀರಾ? ಫೈಲ್ ಹಿಡ್ಕೊಂಡು ಬಂದು ಪ್ರಶ್ನೆ ಕೇಳೋದು ಸುಲಭ. ನಾನೂ ಗೌರ್ಮೆಂಟ್ ಆಫೀಸಲ್ಲೇ ಇರೋದು, ನಂಗೂ ಗೊತ್ತು” ಎಂದೆ.

“ಇಲ್ಲಮ್ಮ, ನೋಡ್ಕೊಂಡಿಲ್ಲ. ಅದಕ್ಕೇ ಕೇಳ್ತಿದೀನಿ” ಎಂದರು ಅವರು, ದನಿ ಏರಿಸದೆ. ಜಗಳಕ್ಕೆ ಬಾರದವರ ಮೇಲೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಕೊನೆಯದು ಬೆಂಕಿಯ ಕವಾಯತು. ಟೀಚರ್ ಸೀಟಿ ಊದಬೇಕು. ಮನೆಯಲ್ಲಿರುವವರೆಲ್ಲ ಮೂರು ನಿಮಿಷದೊಳಗೆ ಹೊರಗೆ ಬಂದು, ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಎಲ್ಲರೂ ಬಂದರೋ ಇಲ್ಲವೋ ಲೆಕ್ಕ ಹಾಕಲು ಒಂದು ವ್ಯವಸ್ಥೆ ಇರಬೇಕು. ಟೀಚರ್ ಸ್ಕೂಲಿನ ಕಾಲದ ಸೀಟಿ ತೆಗೆದು ಊದಿದರು. ಏಳೂ ಜನ ಒಳ್ಳೆಯ ಮಕ್ಕಳ ಹಾಗೆ ಜಗಲಿಯವರೆಗೆ ಬಂದರು. ಅಲ್ಲಿ ತಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದ. ಬರಿಗಾಲಲ್ಲಿ ಒಬ್ಬರನ್ನೂ ಕೆಳಗಿಳಿಯಲು ಬಿಡಲಿಲ್ಲ. ಒಬ್ಬೊಬ್ಬರ ಜೊತೆಯನ್ನೂ ತೆಗೆದು, ಧೂಳು ಕೊಡವಿ, ಕಾಲ ಮುಂದೆ ಇಟ್ಟು, ಬಕಲ್ಲು ಹಾಕುವವರಿಗೆ ಹಾಕಿಸಿ, ಆಮೇಲೆ ಮುಂದಿನವರು. ಹಿಂದೆ ಬಾಗಿಲು ಪೂರ್ತಿ ಕಟ್ಟಿಹೋಗಿತ್ತು. ನಾನು ಅವನ ಕೈ ಹಿಡಿದು ಎಳೆದೆ, ಅವನು ನನ್ನ ಕಾಲಿಗೂ ಚಪ್ಪಲಿ ಹಾಕಿದ.

“ಹನ್ನೊಂದು ನಿಮಿಷ” ಎಂದರು ಶೂ ಸಾರ್, ಗಡಿಯಾರ ನೋಡಿಕೊಂಡು. ಎರಡು ತಿಂಗಳು ಸಮಯ ಕೊಟ್ಟರು. ಆಗಲೂ ಸರಿಹೋಗದಿದ್ದರೆ ನೋಂದಣಿ ಆಗುವುದಿಲ್ಲ, ಎಲ್ಲರನ್ನೂ ಅವರವರ ಮನೆಗೆ ಕಳಿಸಬೇಕಾಗುತ್ತದೆ, ಮನೆಯಿಲ್ಲದವರನ್ನು ಊರ ಹೊರಗಿನ ದೊಡ್ಡ ಸಂಸ್ಥೆಗೆ.

ಅವರವರ ಮನೆ ಎಂದರೆ ನನ್ನ ಎರಡು ಕೋಣೆ, ಹೊಸ ಚಿಲಕ, ಹಳೆಯ ಬೀಗ. ಅಂದು ಮೆಜೆಸ್ಟಿಕ್‌ನಲ್ಲಿ ಎರಡು ಬಸ್ಸು ಬಿಟ್ಟು ನಿಂತಿದ್ದೆ. ತಮ್ಮ ವಾಪಸ್ಸು ಬರುವುದು ನನಗೆ ಬೇಕಿರಲಿಲ್ಲ. ಹಾಗೆ ಬೇಡವೆನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಬೇಡವಾಗಿತ್ತು.

ಮರುದಿನದಿಂದ ರಿಪೇರಿ ಶುರುವಾಯಿತು. ಸೌದೆ ಹಿತ್ತಲ ಮೂಲೆಗೆ ಹೋಯಿತು. ಗೇಟಿಗೆ ಬೀಗದ ಬದಲು, ಕೀಲಿಕೈ ಇಲ್ಲದೆ ಕೈ ಎತ್ತಿ ತೆಗೆಯುವಂಥ ಎತ್ತರದ ಕೊಂಡಿ ಬಂತು. ಹಜಾರದ ಪಕ್ಕದ ಎರಡು ಬಚ್ಚಲುಮನೆಗಳ ಒಳಚಿಲಕ ಕೀಳಿಸಿದ್ದಾಯಿತು. ಉಳಿದದ್ದು ನನ್ನ ತಮ್ಮ.

ಮೊದಲ ಉಪಾಯ ನನ್ನದು. ಚಪ್ಪಲಿಗಳನ್ನೆಲ್ಲ ಬಚ್ಚಿಟ್ಟರೆ ಎಲ್ಲರೂ ಬರಿಗಾಲಲ್ಲಿ ಓಡುತ್ತಾರೆ ಎಂದೆ. ಬಚ್ಚಿಟ್ಟು ಸೀಟಿ ಊದಿದೆವು. ತಮ್ಮ ಹೊರಗೆ ಬರುವ ಬದಲು ಒಳಗೆ ಓಡಿ, ಮಂಚಗಳ ಕೆಳಗೆಲ್ಲ ತೂರಿ ಹುಡುಕತೊಡಗಿದ. ಉಳಿದವರೂ ಸಹಾಯಕ್ಕೆ ನಿಂತರು. ಇಪ್ಪತ್ತು ನಿಮಿಷವಾದರೂ ಒಬ್ಬರೂ ಹೊರಗೆ ಬರಲಿಲ್ಲ, ಮೇಲೆ ತಮ್ಮ ಮಧ್ಯಾಹ್ನದ ಊಟ ಬಿಟ್ಟ. “ನೀವು ಆಫೀಸಲ್ಲೂ ಹಿಂಗೇ ಐಡಿಯಾ ಕೊಡ್ತೀರಾ?” ಎಂದು ಟೀಚರ್ ಕೇಳಿದರು. ಬುದ್ಧಿ ಹೇಳಿ ನೋಡಿದೆವು. ಬೆಂಕಿ ಬಂದಾಗ ಚಪ್ಪಲಿ ಬೇಡಪ್ಪ ಎಂದರೆ, “ಅಮ್ಮ ಬಯ್ತಾಳೆ” ಎನ್ನುತ್ತಿದ್ದ.

ಕೊನೆಗೆ ದಾರಿ ತೋರಿಸಿದ್ದು ಶ್ರೀರಾಂಪುರದಿಂದ ಬರುತ್ತಿದ್ದ ಅಡುಗೆಯಾಕೆ. ಮೂರು ವಾರ ನಮ್ಮ ಪರದಾಟ ನೋಡಿ, ಒಂದು ಭಾನುವಾರ ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದಳು. “ಅಲ್ಲಮ್ಮ, ಅವ್ರು ಚಪ್ಪಲಿ ಬಿಟ್ ಬರಲ್ಲ ತಾನೆ? ಚಪ್ಪಲೀನೇ ತಗೊಂಡೋಗಿ ಮರದ ಕೆಳಗೆ ಇಟ್ಬಿಡಿ. ಅವ್ರೇ ಹುಡ್ಕೊಂಡು ಓಡ್ತಾರೆ.”

ಟೀಚರೂ ನಾನೂ ಮುಖ ಮುಖ ನೋಡಿಕೊಂಡೆವು. ಒಬ್ಬರು ಮೂವತ್ತು ವರ್ಷ ಪಾಠ ಮಾಡಿದವರು, ಇನ್ನೊಬ್ಬಳು ಇಪ್ಪತ್ತು ವರ್ಷ ಸರ್ಕಾರ ನಡೆಸಿದವಳು.

ಬಡಗಿಯಿಂದ ಮೂರಂತಸ್ತಿನ ಚಪ್ಪಲಿ ಗೂಡು ಮಾಡಿಸಿ, ಮೇಲೆ ತಗಡು ಹೊದಿಸಿ, ಹೊಂಗೆ ಮರದ ಬುಡದಲ್ಲಿ ಇಟ್ಟೆವು. ಇನ್ನು ಮೇಲೆ ಯಾರೇ ಬಂದರೂ ಗೇಟಿನಲ್ಲೇ ಚಪ್ಪಲಿ ಬಿಟ್ಟು, ಅಂಗಳ ದಾಟಿ, ನಲ್ಲಿಯಲ್ಲಿ ಕಾಲು ತೊಳೆದು ಜಗಲಿ ಹತ್ತಬೇಕು. ತಮ್ಮ ಗೂಡಿನ ಸುತ್ತ ಮೂರು ಸುತ್ತು ಬಂದು ಒಪ್ಪಿಗೆ ಕೊಟ್ಟ. ಗೂಡಿನಲ್ಲಿ ಎಲ್ಲರ ಜೊತೆಯೂ ಒಂದೇ ಕಡೆಗೆ ಮೂತಿ ಮಾಡಿ ಕೂತಿದ್ದರಿಂದ, ಅವನದನ್ನು ನೋಡಿ ಲೆಕ್ಕ ಹಾಕುವ ನನ್ನ ಚಾಳಿಗೆ ಅಲ್ಲಿ ದಾರಿಯಿಲ್ಲವಾಯಿತು. ಈಗ ಬೀದಿಗೆ ಇಳಿಯುವ ಮೊದಲು ಗೂಡೇ ಸಿಗುತ್ತಿತ್ತು, ಹಾಗಾಗಿ ಅಮ್ಮನ ಕಾನೂನಿಗೂ ಅಡ್ಡಿಯಿರಲಿಲ್ಲ. ಸೀಟಿ ಊದಿದ ಮೊದಲ ಸಲವೇ ಅವನು ಎಲ್ಲರಿಗಿಂತ ಮುಂದೆ ಓಡಿ ಗೂಡಿನ ಪಕ್ಕ ನಿಂತು ಬನ್ನಿ ಬನ್ನಿ ಎಂದು ಕೈಬೀಸಿದ. ಆರು ನಿಮಿಷವಾಯಿತು. ಮುಂದಿನ ವಾರ ಐದು. ರೇಡಿಯೋ ಬಿಟ್ಟು ಏಳದ ಒಬ್ಬಾಕೆಯನ್ನು ಎಬ್ಬಿಸಲು ಟೀಚರ ಮಗನನ್ನು ನೇಮಿಸಿದ ಮೇಲೆ ಮೂರೂವರೆಗೆ ಬಂತು. ಒಮ್ಮೆ ಹೊರಗೆ ಬಂದವರು ಯಾರೂ ಮತ್ತೆ ಒಳಗೆ ಹೋಗಬಾರದು ಎನ್ನುವುದನ್ನು ಟೀಚರ್ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಮಾಡಿಸಿದರು. ಕವಾಯತು ಮುಗಿದ ಮೇಲೆ ಎಲ್ಲರಿಗೂ ಕೋಡುಬಳೆ ಸಿಗುತ್ತಿದ್ದುದರಿಂದ ಯಾವ ಗಳಿಗೆಯಲ್ಲಾದರೂ ಮನೆಗೆ ಬೆಂಕಿ ಬೀಳಲಿ ಎಂದು ಅವರೆಲ್ಲ ಕಾಯುತ್ತಿರುವಂತೆ ನನಗೆ ಕಾಣುತ್ತಿತ್ತು.

ಎರಡು ತಿಂಗಳಿಗೆ ಸರಿಯಾಗಿ ಶೂ ಸಾರ್ ಬಂದರು. ನಾನು ರಜೆ ಹಾಕಿ ಬೆಳಿಗ್ಗೆಯೇ ಹೋಗಿ ಕೂತಿದ್ದೆ. ಗೇಟಿನಲ್ಲೇ ತಮ್ಮ ಅವರ ಶೂ ಬಿಡಿಸಿ ಗೂಡಿಗೆ ಸೇರಿಸಿದ. ಅವರು ಕೊಂಡಿ ನೋಡಿದರು, ಬಚ್ಚಲುಮನೆ ನೋಡಿದರು, ತಲೆಯಾಡಿಸಿದರು. ಟೀಚರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. “ನಾನು ಹಿತ್ತಲ ಕಡೆ ನೋಡ್ಕೊಂಡು ಮನೆ ಪಕ್ಕದ ಓಣಿಯಿಂದ ಗೇಟಿಗೆ ಬರ್ತೀನಿ. ಹತ್ತು ನಿಮಿಷ ಬಿಟ್ಟು ಸೀಟಿ ಊದಿ. ಅವ್ರಿಗೆ ಮುಂಚೆ ಗೊತ್ತಾಗ್ಬಾರ್ದು.”

ಹತ್ತು ನಿಮಿಷಕ್ಕೆ ಸೀಟಿ ಮೊಳಗಿತು. ತಮ್ಮ ಬಾಣದ ಹಾಗೆ ಹೋದ. ಹಿಂದೆ ಒಬ್ಬೊಬ್ಬರೇ ಬಂದು ಅವನ ಕೈಯಿಂದ ಅವರವರ ಜೊತೆ ತೆಗೆದುಕೊಂಡು ಹಾಕಿಕೊಂಡರು. ರೇಡಿಯೋದಾಕೆ ಟೀಚರ ಮಗನ ಕೈ ಹಿಡಿದು, ಬೈದುಕೊಂಡೇ ಬಂದಳು. ಅಡುಗೆಯಾಕೆ ಒಲೆ ಆರಿಸಿ ಬಂದಳು. ಟೀಚರ್ ತಲೆ ಎಣಿಸಿದರು, ಎಂಟು. ಗಡಿಯಾರ ನೋಡಿದೆ, ಎರಡೂ ಮುಕ್ಕಾಲು ನಿಮಿಷ. ನನಗೆ ಕುಣಿಯುವ ಹಾಗಾಯಿತು. ಅಧಿಕಾರಿ ಮಾತ್ರ ಕಾಣಲಿಲ್ಲ. ಓಣಿಯಲ್ಲಿ ಎಲ್ಲೋ ನಿಂತು ಬರೆದುಕೊಳ್ಳುತ್ತಿದ್ದಾರೆ ಅಂದುಕೊಂಡೆವು.

ತಮ್ಮ ಬಂದು ನನ್ನ ಸೆರಗು ಜಗ್ಗಿದ. “ಅಕ್ಕ. ಇನ್ನೊಂದ್ ಜೊತೆ.”

“ಆಯ್ತು ಬಾ, ಎಲ್ರೂ ಬಂದಾಯ್ತು. ಕೋಡುಬಳೆ ತಿನ್ನು.”

ಕೋಡುಬಳೆ ಬೇಡವೆಂದ. ಅದು ಇತಿಹಾಸದಲ್ಲೇ ಮೊದಲು. ಗೂಡಿನಿಂದ ಕಪ್ಪು ಶೂ ತೆಗೆದು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಮನೆಯ ಕಡೆ ನೋಡಿದ. “ಶೂ ಸಾರ್ ಒಳಗೆ.” ನಾನು ಗದರಿದೆ. ಪಾಸಾಗುವ ಹೊತ್ತಿನಲ್ಲಿ ಇವನು ರಗಳೆ ತೆಗೆದು ಎಲ್ಲ ಕೆಡಿಸುತ್ತಾನೆ ಎಂದು ನನ್ನ ಭಯ. ಸುಮ್ಮನೆ ನಿಂತುಕೋ ಎಂದು ಜೋರಾಗಿಯೇ ಅಂದೆ. ಅವನ ಕಣ್ಣಲ್ಲಿ ನೀರು ಬಂತು, ಆದರೆ ಶೂ ಕೆಳಗಿಡಲಿಲ್ಲ. ಒಳಗೆ ಹೋಗಬಾರದೆಂದು ಕಲಿಸಿದ್ದರಿಂದ ಹೋಗಲೂ ಇಲ್ಲ. ನಿಂತಲ್ಲೇ, “ಶೂ ಸಾರ್, ಬನ್ನಿ! ಬನ್ನಿ!” ಎಂದು ಕೂಗತೊಡಗಿದ. ಉಳಿದ ಏಳು ಜನವೂ ಕೂಗಿದರು.

ಟೀಚರಿಗೆ ಆಗ ಏನೋ ಹೊಳೆಯಿತು. ಓಣಿಯಲ್ಲಿ ಇಣುಕಿದರು, ಯಾರೂ ಇರಲಿಲ್ಲ. ಅಡುಗೆಯಾಕೆಯನ್ನು ಕರೆದುಕೊಂಡು ಹಿತ್ತಲಿಗೆ ಓಡಿದರು, ಹಿಂದೆ ನಾನು. ಹಿತ್ತಲಲ್ಲಿ ಕೆಲಸದವರಿಗೆಂದು ಒಂದು ಹಳೆಯ ಬಚ್ಚಲುಮನೆ ಇತ್ತು. ಅದು ನಮ್ಮವರು ಬಳಸುವುದಲ್ಲವಲ್ಲ ಎಂದು ಅದೊಂದರ ಒಳಚಿಲಕ ಕೀಳಿಸದೆ ಬಿಟ್ಟಿದ್ದೆವು. ಪರೀಕ್ಷೆ ಮಾಡಲೆಂದು ಅಧಿಕಾರಿ ಒಳಗೆ ಹೋಗಿ ಚಿಲಕ ಹಾಕಿ ನೋಡಿದ್ದಾರೆ, ತುಕ್ಕು ಹಿಡಿದ ಚಿಲಕ ಮತ್ತೆ ಬರಲೇ ಇಲ್ಲ. ಬಾಗಿಲು ಬಡಿದಿದ್ದಾರೆ, ಕೂಗಿದ್ದಾರೆ. ಗಿರಣಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಬಾಗಿಲಿಗೆ ಕಿವಿ ಹಚ್ಚಿದಾಗಲೇ ನಮಗೂ ಗೊತ್ತಾದದ್ದು. ಅಡುಗೆಯಾಕೆ ಒನಕೆ ತಂದು ನಾಲ್ಕು ಏಟು ಹಾಕಿದಳು.

ಹೊರಬಂದವರ ಷರಟಿನ ಇಸ್ತ್ರಿ ಹೋಗಿತ್ತು, ತಲೆಯ ಮೇಲೆ ಜೇಡರ ಬಲೆ ಇತ್ತು. ಯಾರ ಮುಖವನ್ನೂ ನೋಡದೆ ಓಣಿಯಲ್ಲಿ ನಡೆದು ಗೇಟಿಗೆ ಬಂದರು. ತಮ್ಮ ಶೂ ಎರಡನ್ನೂ ಅವರ ಕಾಲ ಮುಂದೆ ಇಟ್ಟು, ಕುಕ್ಕರಗಾಲಲ್ಲಿ ಕೂತು ಲೇಸು ಸಡಿಲಿಸಿಕೊಟ್ಟ. ಆಮೇಲೆ ಗೂಡನ್ನು ಒಮ್ಮೆ ನೋಡಿದ. ಖಾಲಿ. “ಈಗ ಎಲ್ರೂ ಬಂದ್ರು” ಎಂದು ಕೋಡುಬಳೆಗೆ ಕೈಚಾಚಿದ.

ಅಧಿಕಾರಿ ಆ ಖಾಲಿ ಗೂಡಿನ ಕಡೆ ತಿರುಗಿದರು. “ನಾನು ಒಳಗಿದೀನಿ ಅಂತ ಯಾರ್ ಹೇಳಿದ್ದು?”

“ನಿಮ್ಮ ಶೂ ಹೇಳ್ತು ಸಾರ್” ಎಂದರು ಟೀಚರ್. “ನಮ್ಮೋರು ಎಂಟೂ ಜನ ಎರಡೂ ಮುಕ್ಕಾಲು ನಿಮಿಷ. ನಿಮ್ದು ಹನ್ನೆರಡು. ನಮ್ಮ ಮೊದಲ್ನೇ ಸಲಕ್ಕಿಂತ ಒಂದ್ ನಿಮಿಷ ಜಾಸ್ತಿ.”

ಅವರು ನಕ್ಕುಬಿಟ್ಟರು. ಅವರಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಮರದ ಕೆಳಗೆ ನಿಂತೇ ವರದಿ ಬರೆದರು. ಹಿತ್ತಲ ಬಚ್ಚಲುಮನೆಯ ಒಳಚಿಲಕ ತೆಗೆಸತಕ್ಕದ್ದು. ಎಲ್ಲರೂ ಹೊರಬಂದುದನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ: ಗೇಟಿನ ಬಳಿ ಚಪ್ಪಲಿ ಗೂಡು, ಅದಕ್ಕೊಬ್ಬ ಜವಾಬ್ದಾರಿ ವ್ಯಕ್ತಿ, ತೃಪ್ತಿಕರ. ಇಪ್ಪತ್ತು ವರ್ಷದಲ್ಲಿ ಎಷ್ಟೋ ವರದಿ ಟೈಪು ಮಾಡಿದ್ದೇನೆ, ಯಾವುದನ್ನೂ ಓದಿ ಅತ್ತಿರಲಿಲ್ಲ. ತಮ್ಮನನ್ನು ಜವಾಬ್ದಾರಿ ವ್ಯಕ್ತಿ ಎಂದು ಬರೆದ ಸರ್ಕಾರಿ ಕಾಗದ ಅದೊಂದೇ. ನಾನು ಗದರಿದ್ದಕ್ಕೆ ಅವನ ಹತ್ತಿರ ತಪ್ಪಾಯ್ತು ಕಣೋ ಎಂದೆ. ಅವನು ಅರ್ಧ ಕೋಡುಬಳೆ ಮುರಿದು ಕೊಟ್ಟ.

ಮುಂದಿನ ತಿಂಗಳು ನೋಂದಣಿ ಪತ್ರ ಬಂತು. ಅದರ ಹಿಂದೆಯೇ ಗೌರಿ ಗಣೇಶ. ಪ್ರತಿ ವರ್ಷದಂತೆ ಹಬ್ಬದ ದಿನ ತಮ್ಮನನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಾನು ಒಳಗೆ ಹೋದೆ, ಅವನು ಹೊರಗೇ ಕೂತ. ಕಡುಬಿಗೆ ನೀರಿಟ್ಟು ಬಂದು ನೋಡಿದೆ. ನನ್ನ ಜೊತೆ ಎಂದಿನ ಹಾಗೆ ಗೋಡೆಯ ಕಡೆಗಿತ್ತು. ಅವನದು ಹೋದ ವರ್ಷದವರೆಗೂ ಅದರ ಪಕ್ಕದಲ್ಲೇ, ಗೋಡೆಯ ಕಡೆಗೇ ಇರುತ್ತಿತ್ತು. ಈ ಸಲ ಅವನ ಚಪ್ಪಲಿಯ ಮೂತಿ ರಸ್ತೆಯ ಕಡೆಗಿತ್ತು.

ಎರಡು ವರ್ಷ ಯಾವುದಕ್ಕಾಗಿ ಭಾನುವಾರ ಭಾನುವಾರ ಕಾದಿದ್ದೆನೋ ಅದು ಚಾಮರಾಜಪೇಟೆಯಲ್ಲಿ ಸಿಗದೆ ನನ್ನ ಹೊಸ್ತಿಲಲ್ಲಿ ಸಿಕ್ಕಿತು. ಎದೆಯಲ್ಲಿ ಒಂದು ಸಲ ಚುಳ್ ಎಂದದ್ದು ನಿಜ. ಆಮೇಲೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ನೆಂಟನಿಗೆ ಮಾಡುವ ಹಾಗೆ ಎಲೆ ಹಾಕಿ ಬಡಿಸಿದೆ, ಅವನು ನೆಂಟನ ಹಾಗೆಯೇ ಸಾಕು ಸಾಕು ಎನ್ನುತ್ತ ಒಂಬತ್ತು ಕಡುಬು ತಿಂದ.

ನಾಲ್ಕು ಗಂಟೆಗೆ ಎದ್ದು ನಿಂತ. “ಅಕ್ಕ, ಮನೆಗೆ.”

ಉಳಿದ ಏಳು ಜನಕ್ಕೂ ಟೀಚರಿಗೂ ಅಡುಗೆಯಾಕೆಗೂ ಕಡುಬು ಕಟ್ಟಿಕೊಂಡೆ. ಅವನು ನನ್ನ ಚಪ್ಪಲಿ ತಿರುಗಿಸಿ ಕಾಲ ಮುಂದೆ ಇಟ್ಟ, ತನ್ನದರಲ್ಲಿ ಸುಮ್ಮನೆ ಕಾಲು ತೂರಿಸಿದ. ನಾನು ಬಾಗಿಲೆಳೆದು ಅದೇ ಹಳೆಯ ಹಿತ್ತಾಳೆ ಬೀಗ ಹಾಕಿದೆ. ಇಬ್ಬರೂ ಹೊರಗಿದ್ದೆವು.